ಹಿಮ್ಮುಖವಾಗಿ ಹರಿಯುವ ನಲ್ಲಿಯ ನೀರು

ನೀರು ತಗ್ಗಿನ ಕಡೆಗೆ ಹರಿಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಕೊಳವೆಯೊಳಗಿನ ನೀರು ಮಹಡಿಯನ್ನೂ ಏರುತ್ತದೆ. ಬೀದಿಯ ಕೊಳವೆಯಲ್ಲಿ ಒತ್ತಡವು ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಆ ಒತ್ತಡವು ಕುಗ್ಗಿದರೆ ಏನಾದೀತು? ಮನೆಯ ನೀರು ಬಂದ ದಾರಿಯಲ್ಲಿಯೇ ಹಿಂದಿರುಗಿ, ಊರಿನವರೆಲ್ಲ ಕುಡಿಯುವ ನೀರಿನೊಡನೆ ಬೆರೆಯಬಹುದು. ಇದು ಹೇಗೆ ಸಾಧ್ಯವೆಂಬುದನ್ನು ಈಗ ವಿಚಾರ ಮಾಡೋಣ.

ಮೊದಲು ವಾಯುವಿನ ಒತ್ತಡವನ್ನು ಗಮನಿಸಬೇಕು. ಸಮುದ್ರಮಟ್ಟದಲ್ಲಿ ವಾಯುಮಂಡಲವು 76 ಸೆಂಟಿಮೀಟರು ಎತ್ತರದ ಪಾದರಸದ ಕಂಬವನ್ನು ಎತ್ತಿ ಹಿಡಿಯಬಲ್ಲುದೆಂಬುದನ್ನು ಇಟಲಿಯ ಟಾರಿಚೆಲ್ಲಿಯು 1643ರಲ್ಲಿ ತೋರಿಸಿಕೊಟ್ಟನು. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರವಾದುದು. ಆದುದರಿಂದ ಅದೇ ವಾಯುಮಂಡಲವು ಸುಮಾರು 10.3 ಮೀಟರು ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿರುವ ಬೆಂಗಳೂರಿನಲ್ಲಿ ಈ ಎತ್ತರವು ಸುಮಾರು 9.3 ಮೀಟರು. ತೆರೆದ ಬಕೆಟ್ಟಿನಲ್ಲಿರುವ ನೀರಿನ ಮೇಲೆಯೂ ಈ ಒತ್ತಡವು ಸದಾ ಇದ್ದೇ ಇರುತ್ತದೆ.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೀದಿಯ ಕೊಳವೆಯ ಒತ್ತಡವು 20 ಮೀಟರು ಎತ್ತರದ ನೀರಿನ ಕಂಬಕ್ಕೆ ಸಮನಾಗಿದೆಯೆಂದು ಭಾವಿಸಿ. ಆ ಕೊಳವೆಯಿಂದ 7 ಮೀಟರು ಮೇಲೆ, ಮಹಡಿಯಲ್ಲಿ, ಒಂದು ನಲ್ಲಿಯಿದೆ. ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆಯ ಇನ್ನೊಂದು ತುದಿಯು ಬಟ್ಟೆ ನೆನೆಸಿದ ತೊಟ್ಟಿಯಲ್ಲಿ ಮುಳುಗಿದೆ. ತೊಟ್ಟಿಯ ನೀರಿನ ಮಟ್ಟವು ಬೀದಿಯ ಕೊಳವೆಯಿಂದ 6 ಮೀಟರು ಮೇಲಿದೆ. ನಲ್ಲಿಯನ್ನು ತಿರುಗಿಸಿದರೆ ನೀರು ತೊಟ್ಟಿಗೆ ಧಾರಾಳವಾಗಿ ಬೀಳುತ್ತದೆ. ಅಷ್ಟರಲ್ಲಿ ಸಮೀಪದಲ್ಲಿ ಬೆಂಕಿ ಬಿದ್ದು, ಅಗ್ನಿಶಾಮಕ ದಳದವರು ಅದೇ ಕೊಳವೆಯಿಂದ ಬಹಳ ನೀರನ್ನು ಸೆಳೆದುದರಿಂದ ಒತ್ತಡವು 20 ಮೀಟರಿನಿಂದ 4 ಮೀಟರಿಗೆ ಇಳಿಯಿತೆನ್ನೋಣ. ಬೀದಿಯ ನೀರು ಈಗ 4 ಮೀಟರಿಗಿಂತ ಮೇಲೇರಲಾರದು. ನಲ್ಲಿಯ ಬಳಿ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ 3 ಮೀಟರಿನಷ್ಟು ಕಡಿಮೆಯಾಗುತ್ತದೆ. ತೊಟ್ಟಿಯ ನೀರು ನಲ್ಲಿಯನ್ನು ಮುಟ್ಟಲು ಏರಬೇಕಾದುದು ಕೇವಲ 1 ಮೀಟರು. ವಾಯುಮಂಡಲವು ಅದನ್ನು ಸುಲಭವಾಗಿ ಮೇಲಕ್ಕೆ ತಳ್ಳುತ್ತದೆ. ಸೋಪಿನ ನೀರು ನಲ್ಲಿಯನ್ನು ದಾಟಿ ಬೀದಿಯ ಕೊಳವೆಗೆ ಇಳಿಯುತ್ತದೆ. ಇದೇ ಸೈಫನ್ನಿನ ಕ್ರಿಯೆ. ತೊಟ್ಟಿಯಲ್ಲಿ ಸೋಪಿನ ಬದಲು ಗಿಡಗಳಿಗೆ ಸಿಂಪಡಿಸುವ ಕೀಟನಾಶಕವಿದ್ದರೆ ಪರಿಣಾಮವೇನೆಂಬುದನ್ನು ವಾಚಕರೇ ಊಹಿಸಬಹುದು.

ಇದು ಬರಿಯ ಕಲ್ಪನೆಯಲ್ಲ. 1969ರಲ್ಲಿ ಅಮೆರಿಕದ ವೂಸ್ಟರ್ ನಗರದ ಹೋಲಿ ಕ್ರಾಸ್ ಕಾಲೇಜಿನ ಫುಟ್ಬಾಲ್ ತಂಡದಲ್ಲಿ ಸುಮಾರು 90 ಮಂದಿಗೆ ಹೆಪಟೈಟಿಸ್ ಸೋಂಕು ತಗುಲಿತು. ಎರಡು ಪಂದ್ಯಗಳಾದ ಮೇಲೆ ಆ ವರ್ಷದ ಉಳಿದ ಪಂದ್ಯಗಳನ್ನೆಲ್ಲ ಕೈಬಿಡಬೇಕಾಯಿತು. ವಿಚಾರಣೆ ನಡೆಸಿದಾಗ ತಿಳಿದುಬಂದುದು ಇದು: ಹತ್ತಿರದಲ್ಲಿ ಬೆಂಕಿಯನ್ನಾರಿಸಲು ನೀರನ್ನು ಸೆಳೆದಾಗ ಒತ್ತಡವು ಕುಸಿದಿತ್ತು, ಮೈದಾನಕ್ಕೆ ನೀರುಣಿಸಲು ನೆಲದ ಗುಳಿಯಲ್ಲಿರಿಸಿದ್ದ ನಲ್ಲಿಯ ಸುತ್ತ ನಿಂತಿದ್ದ ಕಲುಷಿತ ಜಲವು ಕೊಳವೆಯೊಳಕ್ಕೆ ಸೆಳೆಯಲ್ಪಟ್ಟು, ಆಟಗಾರರು ಕುಡಿಯುವ ನಲ್ಲಿಯನ್ನು ಸೇರಿತ್ತು.

ಒತ್ತಡವು ಕುಗ್ಗಲು ಬೆಂಕಿಯೇ ಬೀಳಬೇಕೆಂದೇನೂ ಇಲ್ಲ. ನಮ್ಮ ಅನೇಕ ಊರುಗಳಲ್ಲಿ ನೀರನ್ನು ದಿನಕ್ಕೆ ಕೆಲವು ಗಂಟೆ ಮಾತ್ರ, ಇಲ್ಲವೆ ಕೆಲವು ದಿನಗಳಿಗೊಮ್ಮೆ ಬಿಡುವ ಪದ್ಧತಿಯಿದೆ. ನೀರು ನಿಂತೊಡನೆ ತಗ್ಗಿನ ಮನೆಗಳ ಕಡೆಗೆ ಕೊಳವೆಯು ಬರಿದಾಗುತ್ತ ಬಂದು, ಎತ್ತರದ ಭಾಗಗಳಲ್ಲಿ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಕೆಳಗಿಳಿಯಬಹುದು. ಆಗ ಬಿರುಕುಗಳ ಮೂಲಕ ಚರಂಡಿಯ ನೀರೂ ಒಳನುಗ್ಗಬಲ್ಲುದು. ಬೀದಿಯ ಕೊಳವೆಗೆ ನೇರವಾಗಿ ಪಂಪನ್ನು ಜೋಡಿಸಿ ನೀರೆಳೆಯುವುದರಿಂದಲೂ ಇದೇ ಅಪಾಯವುಂಟು. ಹುಬ್ಬಳ್ಳಿ–ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸದಾ ನೀರು ಬರುವ ಬಡಾವಣೆಗಳಿಗಿಂತ ಬಿಟ್ಟು ಬಿಟ್ಟು ಬರುವ ಬಡಾವಣೆಗಳ ನಲ್ಲಿಗಳಲ್ಲಿ ಮಾಲಿನ್ಯಸೂಚಕ ಬ್ಯಾಕ್ಟೀರಿಯಗಳು ಹೆಚ್ಚಾಗಿ ಕಂಡುಬಂದವು.

ಇದಕ್ಕೆ ಪರಿಹಾರವೇನು? ಒಂದು ಸರಳವಾದ ಪ್ರಯೋಗವು ದಾರಿಯನ್ನು ತೋರಿಸುತ್ತದೆ. ಬಣ್ಣದ ನೀರಿರುವ ಪಾತ್ರೆಯನ್ನು ಮೇಜಿನ ಮೇಲೂ, ಖಾಲಿ ಪಾತ್ರೆಯನ್ನು ನೆಲದ ಮೇಲೂ ಇರಿಸಿ. ರಬ್ಬರ್ ಕೊಳವೆಯಲ್ಲಿ ನೀರು ತುಂಬಿ, ಎರಡು ತುದಿಗಳನ್ನೂ ಬೆರಳಿನಿಂದ ಒತ್ತಿ ಹಿಡಿದು, ಒಂದನ್ನು ಮೇಲಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿನ ಪಾತ್ರೆಯಲ್ಲಿಳಿಸಿ ಬೆರಳುಗಳನ್ನು ತೆಗೆಯಿರಿ. ಬಣ್ಣದ ನೀರು ಕೆಳಗೆ ಹರಿಯತೊಡಗುತ್ತದೆ. ಈಗ ಮೇಲಿನ ತುದಿಯನ್ನು ನೀರಿನಿಂದ ಎರಡು ಬೆರಳಿನಷ್ಟು ಮೇಲಕ್ಕೆತ್ತಿ. ಕೊಳವೆಯೊಳಗೆ ಗಾಳಿ ಸೇರಿ, ಬಣ್ಣದ ನೀರನ್ನು ಸೆಳೆಯುವುದು ಒಡನೆಯೇ ನಿಲ್ಲುತ್ತದೆ. ನಲ್ಲಿಯ ಬಾಯಿಗೂ ತೊಟ್ಟಿಯ ಅಂಚಿಗೂ ನಡುವೆ ತೆರಪಿರಬೇಕೆಂಬ ನಿಯಮದ ಮರ್ಮವು ಇದೇ. ಈ ತೆರಪು ನಲ್ಲಿಯ ಬಾಯಿಯ ವ್ಯಾಸದ ಎರಡರಷ್ಟಾದರೂ ಇರಬೇಕು. ಅರ್ಧ ಅಂಗುಲದ ನಲ್ಲಿಗೆ 1 ಅಂಗುಲ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳೂ ಉಂಟು. ಆದರೆ ಕಸ ಸಿಕ್ಕಿಕೊಂಡರೆ ಅವು ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಗಾಳಿಯ ತೆರಪಿಗೆ ಸವೆಯುವ ಭಾಗವೇ ಇಲ್ಲ.

ಬೀದಿಯ ಒತ್ತಡವನ್ನು ಕಾಪಾಡುವುದು ನಮ್ಮ ಕೈಯಲ್ಲಿಲ್ಲ. ಕೊಳವೆಯ ತುದಿಯು ನೀರಿನಲ್ಲಿ ಮುಳುಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬಕೆಟ್ಟಿನಲ್ಲಾಗಲಿ, ಹೂವಿನ ಪಾತಿಯಲ್ಲಾಗಲಿ, ಔಷಧದ ಪೀಪಾಯಿಯಲ್ಲಾಗಲಿ ರಬ್ಬರ್ ಕೊಳವೆಯನ್ನು ಮುಳುಗಿಸಿಟ್ಟು ಹೋಗಬಾರದು. ನಮ್ಮ ಮನೆಯ ತೊಟ್ಟಿಯಿಂದ ಹಿಂದಿರುಗಿದ ನೀರು ನೆರೆಮನೆಯ ಕುಡಿಯುವ ಲೋಟವನ್ನು ಸೇರಬಹುದೆಂಬುದನ್ನು ನಲ್ಲಿಯನ್ನು ತಿರುಗಿಸುವಾಗಲೆಲ್ಲ ನೆನಪಿನಲ್ಲಿಡೋಣ.