ಮಗುವಿನ ಹುಟ್ಟುಹಬ್ಬಕ್ಕೆ ಮುನ್ನ

ಮೀನುಗಾರರ ಊರಾದ ಬೆಂಗ್ರೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ದಿನ ಗೊತ್ತುಮಾಡುವಾಗ ಅಪ್ಪನ ಬೋಟು ಯಾವಾಗ ದಡ ಸೇರುತ್ತದೆ ಎಂದು ಮೊದಲು ನೋಡಿ. ತಾರೀಕು ನಾಲ್ಕು ದಿನ ಆಚೀಚೆಯಾದರೂ ಅಪ್ಪ ಮನೆಯಲ್ಲಿರುವಾಗಲೇ ಮಾಡಿ. ಮೂರು ವರ್ಷದ ಮಗುವಿಗೆ ಕ್ಯಾಲೆಂಡರ್ ಗೊತ್ತಿಲ್ಲ, ಅಪ್ಪನ ಹೆಗಲು ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳಿಗೆ ರಜೆ. ಆಗ ಅಪ್ಪ ಸಿಗುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ. ಸಾಲ ಮಾಡಿ ಶಾಮಿಯಾನ ಹಾಕಿಸಬೇಡಿ. ನೆರೆಮನೆಯ ಏಳೆಂಟು ಮಕ್ಕಳು, ಬಿಸಿ ಗೋಳಿಬಜೆ, ಪಾಯಸ, ಸಣ್ಣದೊಂದು ಕೇಕು ಇದ್ದರೆ ಧಾರಾಳವಾಯಿತು. ಬಂದರಿನ ಕಡೆಯಿಂದ ಫೆರಿಯಲ್ಲಿ ಬರುವ ನೆಂಟರಿದ್ದರೆ ಸಂಜೆ ನಾಲ್ಕಕ್ಕೇ ಕರೆಯಿರಿ, ಕತ್ತಲಾಗುವ ಮೊದಲು ಮರಳಲಿ.

ಬಲೂನು ಒಡೆದರೆ ಚೂರುಗಳನ್ನು ತಕ್ಷಣ ಹೆಕ್ಕಿಬಿಡಿ. ಅವು ಎಳೆಯರ ಗಂಟಲಿಗೆ ಸಿಕ್ಕಿದರೆ ಉಸಿರೇ ಕಟ್ಟುತ್ತದೆ.

ಉಡುಗೊರೆ ಕೊಳ್ಳುವವರು ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ನನಗೆ ಹೆಚ್ಚು ಭಯ ಹುಟ್ಟಿಸುವುದು ಮಿನುಗುವ ಆಟಿಕೆಯೊಳಗಿನ ಗುಂಡಿಯಾಕಾರದ ಬ್ಯಾಟರಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಬೇಡವೇ ಬೇಡ. ಅರಗಿನ ಬಣ್ಣದ ಚನ್ನಪಟ್ಟಣದ ಮರದ ಗಾಡಿ ಎಷ್ಟೋ ವಾಸಿ. ಶಾಲೆಗೆ ಹೋಗುವ ಮಗುವಿಗೆ ಚಿತ್ರವಿರುವ ಕಥೆಪುಸ್ತಕ, ಬಣ್ಣದ ಪೆನ್ಸಿಲ್, ಮಳೆಗಾಲ ಹತ್ತಿರವಿದ್ದರೆ ಒಂದು ಕೊಡೆ ಕೊಡಿ.

ಪೊಟ್ಟಣಗಳನ್ನು ನೆಂಟರೆಲ್ಲ ಹೊರಟ ಮೇಲೆ ಬಿಚ್ಚಿ. ಹತ್ತು ರೂಪಾಯಿಯ ಪೆನ್ನು ತಂದ ಮಗುವೂ ನಗುತ್ತಲೇ ಮನೆಗೆ ಹೋಗಲಿ.