ಸಕ್ಕರೆ ಕಾಯಿಲೆ ಇರುವವರು ಥೈರಾಯ್ಡ್ ಬಗ್ಗೆಯೂ ಏಕೆ ತಿಳಿದಿರಬೇಕು?



ಮಕ್ಕಳ ಮನೆಗೆಂದು ದೋಹಾಕ್ಕೆ ಬಂದಿರುವ ಅನೇಕರ ಔಷಧಿ ಡಬ್ಬಿಯಲ್ಲಿ ಎರಡು ಬಗೆಯ ಮಾತ್ರೆ ಇರುತ್ತವೆ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಥೈರಾಯ್ಡಿನದು, ತಿಂಡಿಯ ಹೊತ್ತಿಗೆ ಸಕ್ಕರೆಯದು. ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾಯಿಲೆ ಎಂದೇ ನಾವು ಅಂದುಕೊಂಡಿರುತ್ತೇವೆ. ಆದರೆ ದೇಹದ ಒಳಗೆ ಎರಡೂ ಒಂದೇ ಜಾಗದಲ್ಲಿ, ಅಂದರೆ ಜೀವಕೋಶದ ಒಲೆಯಲ್ಲಿ, ಭೇಟಿಯಾಗುತ್ತವೆ.

ಥೈರಾಯ್ಡ್ ಗ್ರಂಥಿ ಇರುವುದು ಕತ್ತಿನ ಮುಂಭಾಗದಲ್ಲಿ, ಚಿಟ್ಟೆಯ ಆಕಾರದಲ್ಲಿ. ಆಹಾರದ ಅಯೋಡಿನ್ ಬಳಸಿಕೊಂಡು ಅದು ಟಿ4 ಮತ್ತು ಟಿ3 ಎಂಬ ಹಾರ್ಮೋನು ತಯಾರಿಸುತ್ತದೆ. ಮಲೆನಾಡು, ಕೊಡಗಿನ ಕಡೆಯವರಿಗೆ ಚಿಕ್ಕಂದಿನಲ್ಲಿ ಗಳಗಂಡ ಇದ್ದವರನ್ನು ನೋಡಿದ ನೆನಪಿರಬಹುದು. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು, ಮುಂದೆ ಅಯೋಡಿನ್ ಉಪ್ಪು ಮನೆಮನೆಗೆ ಬಂತು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಕಡಿಮೆಯಾಗಲು ಮುಖ್ಯ ಕಾರಣ ಬೇರೆ: ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಈ ಕಾಯಿಲೆಯನ್ನು 1912ರಲ್ಲಿ ವಿವರಿಸಿದವರು ಜಪಾನಿನ ವೈದ್ಯ ಹಾಶಿಮೊಟೊ.

ಈಗ ಒಲೆಯ ವಿಷಯ. ನಮ್ಮ ಅಜ್ಜಿಯರ ಸೌದೆ ಒಲೆಯನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಜೀವಕೋಶಗಳಲ್ಲಿ ಅಂಥ ನೂರಾರು ಪುಟ್ಟ ಒಲೆಗಳಿವೆ. ಅವುಗಳ ಹೆಸರು ಮೈಟೊಕಾಂಡ್ರಿಯ. ಸಕ್ಕರೆ ಮತ್ತು ಕೊಬ್ಬು ಅಲ್ಲಿ ಉರಿಯುವ ಸೌದೆ. ಥೈರಾಯ್ಡ್ ಹಾರ್ಮೋನು ಊದುಗೊಳವೆ. ಎಷ್ಟು ಊದಿದರೆ ಅಷ್ಟು ಉರಿ. ಎಂಥ ಒಳ್ಳೆಯ ಒಲೆಯಲ್ಲೂ ಸ್ವಲ್ಪ ಹೊಗೆ, ಕಿಡಿ ಇದ್ದದ್ದೇ. ಜೀವಕೋಶದ ಈ ಕಿಡಿಗಳನ್ನು ಫ್ರೀ ರ್‍ಯಾಡಿಕಲ್ ಎನ್ನುತ್ತಾರೆ. ಅವನ್ನು ಆರಿಸುವ ಏರ್ಪಾಡೂ ದೇಹದಲ್ಲೇ ಇದೆ. ಕಿಡಿ ಹೆಚ್ಚಾಗಿ, ಆರಿಸುವ ಶಕ್ತಿ ಸಾಲದೇ ಹೋದಾಗ ಜೀವಕೋಶದ ಪೊರೆ, ಪ್ರೋಟೀನು, ಕೊನೆಗೆ ಡಿಎನ್‌ಎ ಕೂಡ ಸುಟ್ಟುಕೊಳ್ಳುತ್ತದೆ. ವೈದ್ಯರು ಆಕ್ಸಿಡೇಟಿವ್ ಒತ್ತಡ ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆಯಲ್ಲಿ ಒಲೆಗೆ ಸೌದೆ ತುರುಕಿದಂತಾಗುತ್ತದೆ. ಕಣ್ಣಿನ ಹಿಂಪರದೆಯ ರಕ್ತನಾಳ, ಮೂತ್ರಪಿಂಡ, ಕಾಲಿನ ನರಗಳ ಜೀವಕೋಶಗಳಿಗೆ ಸಕ್ಕರೆ ಒಳಬರುವುದನ್ನು ತಡೆಯುವ ಶಕ್ತಿ ಕಡಿಮೆ. ರಕ್ತದಲ್ಲಿ ಎಷ್ಟಿದೆಯೋ ಅಷ್ಟು ಒಳಗೆ ನುಗ್ಗುತ್ತದೆ, ಹೊಗೆ ತುಂಬಿಕೊಳ್ಳುತ್ತದೆ. ಮೊದಲ ಪೆಟ್ಟು ಆ ಮೂರು ಕಡೆ ಬೀಳುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಇನ್ನೊಂದು ಕಾರಣ, ಪಾಕದ ಜಿಗುಟಿನಂತೆ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಳ್ಳುವುದು. ನೀವು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಹಿಮೋಗ್ಲೋಬಿನ್‌ಗೆ ಹೀಗೆ ಅಂಟಿದ ಸಕ್ಕರೆಯನ್ನೇ.

ಇಂಥ ಒಲೆಗೆ ಊದುಗೊಳವೆಯೂ ಜೋರಾದರೆ? ಥೈರಾಯ್ಡ್ ಹೆಚ್ಚಾದಾಗ ಪಿತ್ತಜನಕಾಂಗ ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಬೇಗ ಕರಗಿಹೋಗುತ್ತದೆ, ಕಿಡಿಗಳೂ ಹೆಚ್ಚುತ್ತವೆ. ಊಟ ಬದಲಾಗದೆ ಸಕ್ಕರೆ ಏರುತ್ತಿದ್ದು, ತೂಕ ಇಳಿಯುತ್ತಿದ್ದು, ಎದೆ ಡವಡವ ಎನ್ನುತ್ತಿದ್ದರೆ ಮೊಮ್ಮಗನ ಹುಟ್ಟುಹಬ್ಬದ ಕೇಕನ್ನು ಮಾತ್ರ ಬೈಯಬೇಡಿ. ಥೈರಾಯ್ಡ್ ಮಾತ್ರೆಯ ಪ್ರಮಾಣ ಅಗತ್ಯಕ್ಕಿಂತ ಹೆಚ್ಚಾದರೂ ಹೀಗಾಗಬಹುದು. ವಯಸ್ಸಾದವರಲ್ಲಿ ಇದರಿಂದ ಹೃದಯದ ಬಡಿತ ತಾಳ ತಪ್ಪಬಹುದು, ಮೂಳೆ ಸವೆಯಬಹುದು.

ಊದುವುದು ಕಡಿಮೆಯಾದರೂ ಕ್ಷೇಮವಲ್ಲ. ಹಸಿ ಸೌದೆ ಸರಿಯಾಗಿ ಉರಿಯದೆ ಮನೆಯೆಲ್ಲ ಮಸಿಯಾಗುವುದನ್ನು ನೋಡಿದ್ದೀರಲ್ಲ! ಥೈರಾಯ್ಡ್ ಕಡಿಮೆಯಾದಾಗ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ರಕ್ತದಲ್ಲಿ ಉಳಿದುಬಿಡುತ್ತದೆ. ಆ ಕಿಡಿಗಳು ತಾಗಿ ಕೆಟ್ಟ ಎಲ್‌ಡಿಎಲ್ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಅದರ ಜೊತೆಗೆ ಇನ್ಸುಲಿನ್ ದೇಹದಿಂದ ನಿಧಾನವಾಗಿ ಹೋಗುವುದರಿಂದ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಒಮ್ಮೆಲೇ ಕುಸಿಯುವ ಭಯ ಹೆಚ್ಚು. ಏಕಾದಶಿಯ ಉಪವಾಸ ಮಾಡುವವರು ಈ ಮಾತನ್ನು ಇನ್ನೊಮ್ಮೆ ಓದಿ. ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳದೆ ಉಪವಾಸ ಮಾಡಬೇಡಿ.

ಕಡಿಮೆ ಥೈರಾಯ್ಡಿನ ಲಕ್ಷಣಗಳನ್ನು ಗುರುತಿಸುವುದು ಇಲ್ಲಿ ಇನ್ನೂ ಕಷ್ಟ. ಸುಸ್ತು ಎಂದರೆ ವಯಸ್ಸಾಯಿತು ಎನ್ನುತ್ತೇವೆ. ಚಳಿ ಎಂದರೆ ಎಸಿ ಜೋರಾಗಿದೆ ಎನ್ನುತ್ತೇವೆ. ಮಲಬದ್ಧತೆಗೆ ಇಲ್ಲಿನ ನೀರು ಕಾರಣ, ಮಂಕುತನಕ್ಕೆ ಊರಿನ ನೆನಪು ಕಾರಣ. ಎಲ್ಲವೂ ನಿಜವಿರಬಹುದು. ಆದರೆ ಇವೆಲ್ಲ ಒಟ್ಟಿಗೆ ಬಂದು, ಮುಖ ಊದಿ, ದನಿ ಒಡೆದಂತಾದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೊಡುವ ಆಜ್ಞೆಯೇ ಟಿಎಸ್‌ಎಚ್. ಕೆಳಗಿನವರು ಕೆಲಸ ಮಾಡದಿದ್ದಾಗ ಮೇಲಿನವರು ದನಿ ಏರಿಸುವಂತೆ, ಥೈರಾಯ್ಡ್ ಕಡಿಮೆಯಾದರೆ ಸಾಮಾನ್ಯವಾಗಿ ಟಿಎಸ್‌ಎಚ್ ಏರುತ್ತದೆ. ಎಪ್ಪತ್ತು ದಾಟಿದವರಲ್ಲಿ ಅದು ತುಸು ಹೆಚ್ಚಿರುವುದು ಸಹಜವೂ ಆಗಿರಬಹುದು. ಕಾಗದದ ಮೇಲಿನ ಗುರುತು ನೋಡಿ ನೀವಾಗಿಯೇ ಮಾತ್ರೆ ಹೆಚ್ಚಿಸಿಕೊಳ್ಳಬೇಡಿ. ಇನ್ನೊಂದು ಸಂಗತಿ: ಥೈರಾಯ್ಡ್ ಕಡಿಮೆಯಿದ್ದು ಚಿಕಿತ್ಸೆ ಆಗದಿದ್ದಾಗ ಎಚ್‌ಬಿಎ1ಸಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಇಲ್ಲಿನ ವರದಿ ನೋಡಿ ಗಾಬರಿಯಾಗುವವರೂ ಇದ್ದಾರೆ, ಸುಳ್ಳು ಸಮಾಧಾನ ಪಡುವವರೂ ಇದ್ದಾರೆ. ಊರಲ್ಲಿ ಸಕ್ಕರೆ 126 ಎಂದು ಬರೆಯುವುದನ್ನು ಇಲ್ಲಿ 7 ಎಂದು ಬರೆದಿರಬಹುದು. ಅಳತೆ ಬೇರೆ, ಅಷ್ಟೇ. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. 10 ಎಂದಿದ್ದರೆ 180, 3.9 ಎಂದಿದ್ದರೆ 70.

ಬೆವರು, ನಡುಕ, ಎದೆಬಡಿತ ಇವು ಥೈರಾಯ್ಡ್ ಹೆಚ್ಚಾದಾಗಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. ಯಾವುದೆಂದು ಯೋಚಿಸುತ್ತ ಕೂರದೆ ಗ್ಲುಕೋಮೀಟರ್ ತೆಗೆಯಿರಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 999ಕ್ಕೆ ಕರೆ ಮಾಡಿ.

ಮಾತ್ರೆಯ ವಿಷಯಕ್ಕೆ ಬಂದರೆ, ನಮ್ಮವರ ದೊಡ್ಡ ಶತ್ರು ಫಿಲ್ಟರ್ ಕಾಫಿ. ಥೈರಾಕ್ಸಿನ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಇಲ್ಲದಿದ್ದರೆ ಅವು ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಕತಾರಿನ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಹಿಂದೆ. ಊರಿನ ಆರು ಗಂಟೆ ಹಿಡಿಯಲು ಇಲ್ಲಿ ಮೂರೂವರೆಗೆ ಎದ್ದು ಮಾತ್ರೆ ನುಂಗಬೇಕಿಲ್ಲ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು, ಕೆಲವು ಗಂಟೆಗಳಿಂದ ಏನೂ ಆಗದು. ಇನ್ಸುಲಿನ್ ಹಾಗಲ್ಲ, ಅದರ ಹೊತ್ತನ್ನು ವೈದ್ಯರಲ್ಲಿ ಕೇಳಿಯೇ ಹೊಂದಿಸಿಕೊಳ್ಳಿ. ಬೇಸಿಗೆಯಲ್ಲಿ ಇವೆರಡನ್ನೂ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಬಿಸಿಗೆ ಸತ್ವ ಹೋಗುತ್ತದೆ.

ಆಂಟಿಆಕ್ಸಿಡೆಂಟ್ ಎಂದು ಮಾರುವ ದುಬಾರಿ ಮಾತ್ರೆಗಳಿಂದ ಕಿಡಿ ಆರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ 2000ದಲ್ಲಿ ಪ್ರಕಟವಾದ ಹೋಪ್ ಎಂಬ ದೊಡ್ಡ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯವರೂ ಸೇರಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿಗೆ ವಿಟಮಿನ್ ಇ ಕೊಟ್ಟು ಅಥವಾ ಕೊಡದೆ ಹೋಲಿಸಿ ನೋಡಿದಾಗ, ಹೃದಯಕ್ಕೆ ಲಾಭ ಕಾಣಲಿಲ್ಲ. ಸೌದೆ ಕಡಿಮೆ ಮಾಡಿದ್ದು ಮಾತ್ರ ಫಲ ಕೊಟ್ಟಿದೆ: ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡದ ಹಾನಿ ತಗ್ಗುತ್ತದೆಂದು 1998ರ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆ ಮಾತ್ರೆಯ ದುಡ್ಡಿಗೆ ಸೊಪ್ಪು, ತರಕಾರಿ ತನ್ನಿ. ಬಯೋಟಿನ್ ಇರುವ ಕೂದಲಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ವರದಿಯನ್ನು ಅದು ತಪ್ಪಿಸುತ್ತದೆ.

2023ರ ಫೆಬ್ರವರಿ 1ರಿಂದ ಕತಾರಿನಲ್ಲಿ ಸಂದರ್ಶಕರಿಗೆ ಕಡ್ಡಾಯವಾಗಿರುವ ವಿಮೆ ತುರ್ತು ಚಿಕಿತ್ಸೆ ಮತ್ತು ಅಪಘಾತಕ್ಕೆ ಮಾತ್ರ. ಮುಂದಿನ ಸಲ ಬರುವ ಎರಡು ತಿಂಗಳ ಮೊದಲೇ ಊರಿನಲ್ಲಿ ಟಿಎಸ್‌ಎಚ್, ಎಚ್‌ಬಿಎ1ಸಿ ಎರಡನ್ನೂ ನೋಡಿಸಿಕೊಳ್ಳಿ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದರೆ ಅದರ ಫಲ ತಿಳಿಯಲು ಆರರಿಂದ ಎಂಟು ವಾರ ಬೇಕು. ವೈದ್ಯರ ಚೀಟಿ, ಮಾತ್ರೆ, ಇನ್ಸುಲಿನ್ ಎಲ್ಲ ಕೈಚೀಲದಲ್ಲಿರಲಿ. ಇಂದು ಶಿಬಿರದ ಮೇಜಿಗೆ ಬರುವಾಗ ನಿಮ್ಮ ಔಷಧಿ ಡಬ್ಬಿಯನ್ನು ಹಾಗೆಯೇ ತನ್ನಿ, ಯಾವುದು ಯಾವ ಹೊತ್ತಿಗೆ ಎಂದು ಕೂತು ನೋಡೋಣ.