ಕಾಲೇಜು ಪ್ರವೇಶ ಮಾರ್ಗದರ್ಶನದ ನೈತಿಕ ಹೊಣೆ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ಗ್ರಾಮಾಂತರದ ಪಾಲಕನು ಮಗಳ ಅಂಕಪಟ್ಟಿಯೊಡನೆ ಶಿಕ್ಷಕನ ಬಳಿಗೆ ಬರುತ್ತಾನೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಬೇರಾರೂ ಇಲ್ಲದಿದ್ದರೆ ಶಿಕ್ಷಕನ ಮಾತೇ ನಿರ್ಣಯವಾಗುತ್ತದೆ. ಆ ಮಾತನ್ನು ನಂಬಿ ಹೊಲವನ್ನು ಅಡವಿಡುವವರೂ ಉಂಟು. ಆದುದರಿಂದ ಮಾರ್ಗದರ್ಶನವು ಗುರುತರವಾದ ಹೊಣೆ.

ಸೀಟುಗಳ ಮಾರಾಟವನ್ನು ತಡೆಯಲು ಕರ್ನಾಟಕವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆಯನ್ನು ರಚಿಸಿತು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ವ್ಯವಸ್ಥೆಯನ್ನು ಸರ್ವೋಚ್ಚ ನ್ಯಾಯಾಲಯವು 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಪರಿಶೀಲಿಸಿ, ಹೆಚ್ಚುವರಿ ಹಣವು ಕ್ಯಾಪಿಟೇಶನ್ ಶುಲ್ಕವೇ ಎಂದು ತೀರ್ಪಿತ್ತಿತು. ಮುಂದೆ ಶುಲ್ಕದ ನಿಯಮಗಳು ಬದಲಾದರೂ, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಕ್ಯಾಪಿಟೇಶನ್ ಶುಲ್ಕಕ್ಕೆ ಅವಕಾಶವೀಯಲಿಲ್ಲ.

ಕಾನೂನು ಶುಲ್ಕವನ್ನು ನಿಯಂತ್ರಿಸಬಲ್ಲದು. ಸಲಹೆಗಾರನ ಅಂತಃಕರಣವನ್ನು ಕಾಯಲಾರದು. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕಾಗಿ ಕಾಲೇಜಿನಿಂದ ದಲ್ಲಾಳಿ ಹಣ ಪಡೆದವನ ಸಲಹೆ ಯಾರ ಹಿತಕ್ಕೆಂಬುದೇ ಸಂಶಯಾಸ್ಪದ.

ಆದಕಾರಣ ಮೂರು ನಿಯಮಗಳು ಅವಶ್ಯ. ಮೊದಲನೆಯದು, ಯಾವ ಸಂಸ್ಥೆಯಿಂದಲೂ ಪ್ರತಿಫಲ ಸ್ವೀಕರಿಸಬಾರದು. ಎರಡನೆಯದು, ಬೋಧನಾ ಶುಲ್ಕವಲ್ಲದೆ ವಸತಿ, ಪುಸ್ತಕ, ಪರೀಕ್ಷೆಗಳ ವೆಚ್ಚವನ್ನೂ, ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನೂ ಪ್ರವೇಶಕ್ಕೆ ಮೊದಲೇ ತಿಳಿಸಬೇಕು. ಮೂರನೆಯದು, ಅಂಕಗಳಿಗೆ ಯಾವ ಸೀಟು ದೊರೆಯಬಹುದೆಂಬುದನ್ನು ಮರೆಮಾಚದೆ ಹೇಳಿ, ಆಯ್ಕೆಯನ್ನು ವಿದ್ಯಾರ್ಥಿಗೇ ಬಿಡಬೇಕು.

ಶಿಕ್ಷಕನ ಸ್ವಂತ ಆಡಳಿತ ಮಂಡಳಿಯೇ ಕಾಲೇಜು ನಡೆಸುತ್ತಿರುವಲ್ಲಿ ಈ ನಿಯಮಗಳಿಗೆ ನಿಜವಾದ ಪರೀಕ್ಷೆ. ಆ ಹುಡುಗಿಗೆ ಊರಿನ ಸಮೀಪದ ಸರ್ಕಾರಿ ಕಾಲೇಜೇ ಹಿತವೆಂದು ಕಂಡರೆ, ಶಿಕ್ಷಕನು ಹಾಗೆಂದೇ ಹೇಳತಕ್ಕದ್ದು. ಹೇಳಿದವನನ್ನು ಆಡಳಿತ ಮಂಡಳಿಯು ಗೌರವಿಸತಕ್ಕದ್ದು.